ಗುಡ್ಡದಲ್ಲೊಂದು ಮುಖ, ಕಥೆಯಲ್ಲೊಂದು ಮುಖ

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಊರವರೇ ನಗೆಯಾಡುತ್ತಾರೆ. ಆ ಬಿಸಿಲಿನಲ್ಲಿ ಎರಡು ಬಂಡೆಗುಡ್ಡಗಳು ಊರನ್ನು ಕಾಯುತ್ತ ನಿಂತಿವೆ. ಒಂದರ ಮೇಲೆ ಕೋಟೆ, ಇನ್ನೊಂದು ಕುಂಬಾರ ಗುಡ್ಡ. ಆಗ್ನೇಯ ದಿಕ್ಕಿನಿಂದ ನೋಡಿದರೆ ಕುಂಬಾರ ಗುಡ್ಡದಲ್ಲಿ ಮನುಷ್ಯನ ಮುಖ ಕಾಣುತ್ತದೆ. ದಿಕ್ಕು ಬದಲಿಸಿದರೆ ಬರೀ ಕಲ್ಲು. ಹೈದರಾಲಿಯ ಕಾಲದಲ್ಲಿ ಕೋಟೆಯನ್ನು ಬಲಪಡಿಸಿದ ಫ್ರೆಂಚ್ ಎಂಜಿನಿಯರ್, ಈ ಗುಡ್ಡ ಕೋಟೆಗಿಂತ ಎತ್ತರವೆಂಬುದನ್ನು ಗಮನಿಸದೆ ಗಲ್ಲಿಗೇರಿದನೆಂಬ ಕಥೆಯಿದೆ. ಕಟ್ಟಿದ್ದಕ್ಕೆ ಕಟ್ಟಿದವನೇ ತಲೆ ಕೊಡಬೇಕಾಯಿತು.

ಬರೆಯುವವರಿಗೂ ಇಂಥದೊಂದು ಅಳುಕು ಇದ್ದೇ ಇದೆ. ಕಥೆ ಓದಿದವರು ಮೊದಲು ಕೇಳುವ ಪ್ರಶ್ನೆ, ‘ಇದು ನಿಮ್ಮದೇ ಕಥೆಯಾ?’ ಆಗಿನ ಬಳ್ಳಾರಿ ಜಿಲ್ಲೆಯ ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು ಇದಕ್ಕೆ ನಗೆಯ ದಾರಿ ಹಿಡಿದರು. ಬೀಚಿ ಎಂಬ ಹೆಸರಿನ ಹಿಂದೆ ರಾಯರು, ತಿಮ್ಮನ ಹಿಂದೆ ಬೀಚಿ. ರಾಯರು ನೇರವಾಗಿ ಆಡಲಾಗದ ಮಾತನ್ನು ತಿಮ್ಮ ಆಡಿಬಿಡುತ್ತಿದ್ದ. ಆತ್ಮಕಥೆಗೂ ಅವರು ಇಟ್ಟ ಹೆಸರು ‘ನನ್ನ ಭಯಾಗ್ರಫಿ’!

ಬಳ್ಳಾರಿಯಿಂದ ಸುಮಾರು 30 ಕಿ.ಮೀ. ದೂರದಲ್ಲಿ ಕುರುಗೋಡು. ಸಿಂಧರು ಆಳಿದ ಊರು. ಗುಡ್ಡದ ಆಸುಪಾಸಿನಲ್ಲಿ ಹಳೆಯ ಗುಡಿಗಳು. ದೊಡ್ಡ ಬಸವೇಶ್ವರನ ಗುಡಿಯಲ್ಲಿ ಭಾರಿ ಗಾತ್ರದ ಏಕಶಿಲಾ ಬಸವ. ಕೈಮುಗಿಯುವ ಭಕ್ತರು ಅದನ್ನು ಕಡೆದವರು ಯಾರೆಂದು ಕೇಳುವುದಿಲ್ಲ. ಶಿಲ್ಪಿಗೆ ಇರುವ ಈ ಅನುಕೂಲ ಕಥೆಗಾರನಿಗಿಲ್ಲ.

ಇದೇ ಜಿಲ್ಲೆಯ ಸಂಡೂರಿನಲ್ಲಿ 1969ರಲ್ಲಿ ಹುಟ್ಟಿದ ವಸುಧೇಂದ್ರರು ಆ ಅನುಕೂಲವನ್ನು ಕೆಲಕಾಲ ಪಡೆದು ನೋಡಿದರು. ಸಲಿಂಗಪ್ರೇಮಿ ಮೋಹನಸ್ವಾಮಿಯ ಕಥೆಯನ್ನು ಅವರು ಮೊದಲು ಅಚ್ಚುಹಾಕಿಸಿದ್ದು ಬೇರೆ ಹೆಸರಿನಲ್ಲಿ. 2013ರಲ್ಲಿ ‘ಮೋಹನಸ್ವಾಮಿ’ ಸಂಕಲನ ಸ್ವಂತ ಹೆಸರಿನಲ್ಲೇ ಬಂತು. ಅದೇ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸಲಿಂಗ ಸಂಬಂಧವನ್ನು ಮತ್ತೆ ಅಪರಾಧವೆಂದಿತು. ಆ ತೀರ್ಪು ಬದಲಾದದ್ದು 2018ರಲ್ಲಿ. ಇಂಥ ಕಾಲದಲ್ಲಿ ವಸುಧೇಂದ್ರರು ತಾವೂ ಸಲಿಂಗಪ್ರೇಮಿಯೆಂದು ಬಹಿರಂಗವಾಗಿ ಹೇಳಿಕೊಂಡರು. ಮೊದಲು ಪಾತ್ರ ಬಾಯಿಬಿಟ್ಟಿತು, ಆಮೇಲೆ ಲೇಖಕರು. ಹಾಗೆಂದು ಮೋಹನಸ್ವಾಮಿಗೆ ಆದದ್ದೆಲ್ಲ ಬರೆದವರಿಗೂ ಆಗಿದೆಯೆಂದು ಲೆಕ್ಕ ಹಾಕಿದರೆ ಕಥೆಗೆ ಅನ್ಯಾಯ.

ಸಿರುಗುಪ್ಪದ ಕಡೆ ಹೊರಳಿದರೆ ನೋಟವೇ ಬೇರೆ. ಬಂಡೆಗಳು ಹಿಂದುಳಿದು ಭತ್ತದ ಗದ್ದೆ, ಅಕ್ಕಿ ಗಿರಣಿ, ಆಚೆಗೆ ತುಂಗಭದ್ರೆ. 2019ರಲ್ಲಿ ಬಂದ ವಸುಧೇಂದ್ರರ ‘ತೇಜೋ ತುಂಗಭದ್ರಾ’ ಕಾದಂಬರಿಯ ಒಂದು ನದಿ ಇದೇ. ಕಾಲ ವಿಜಯನಗರದ್ದು. ಇನ್ನೊಂದು ನದಿಯ ದಡದಲ್ಲಿ ಲಿಸ್ಬನ್ನಿನ ಗೇಬ್ರಿಯಲ್, ಬೆಲ್ಲಾ. ಇವರಲ್ಲಿ ಲೇಖಕ ಯಾರು? ಜಾತಕ ಹೊಂದಿಸಿ ನೋಡಿದರೆ ಉತ್ತರ ಸಿಗದು. ಆದರೆ ಹುಟ್ಟಿದ ಜಿಲ್ಲೆಯ ನದಿ ಮಾತ್ರ ಕಥೆಯೊಳಗೆ ಹರಿಯುತ್ತಲೇ ಇದೆ.

ಸಂಜೆಯ ಬಸ್ಸಿನಲ್ಲಿ ಬಳ್ಳಾರಿಗೆ ಮರಳಿದರೆ ಕುಂಬಾರ ಗುಡ್ಡ ಮತ್ತೆ ಎದುರಾಗುತ್ತದೆ. ಅದರ ಬುಡದ ಯಾವುದೋ ಓಣಿಯಲ್ಲಿ, ಯಾರಿಗೂ ಹೇಳಿಕೊಳ್ಳಲಾಗದ ಹುಡುಗನೊಬ್ಬ ‘ಮೋಹನಸ್ವಾಮಿ’ ಓದುತ್ತಿರಬಹುದು. ಇದು ಲೇಖಕನದೇ ಕಥೆಯೋ ಅಲ್ಲವೋ ಎಂಬುದು ಅವನಿಗೆ ಎರಡನೆಯ ಮಾತು. ಅಷ್ಟರಲ್ಲಿ ಆ ಪುಟದಲ್ಲಿ ಅವನಿಗೆ ತನ್ನ ಮುಖ ಕಂಡಿರುತ್ತದೆ.