ಹೊಲದಲ್ಲಿ ನಿಂತವರ ಫೋನಿಗೂ ಟೆಸ್ಟಿಂಗ್ ಬೇಕು

ಮೊಬೈಲ್ ಆ್ಯಪ್‌ಗಳ ಆಟೊಮೇಟೆಡ್ ಟೆಸ್ಟಿಂಗ್ ಕಲಿಯಲು ಬೆಂಗಳೂರಿಗೇ ಹೋಗಬೇಕಿಲ್ಲ. ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ ಕೂತೇ ಶುರು ಮಾಡಬಹುದು. ಇದಕ್ಕೆ ಬೇಕಾದ ಜಾವಾ, ನೋಡ್ ಜೆಎಸ್, ಆಂಡ್ರಾಯ್ಡ್ ಸ್ಟುಡಿಯೊ, ಟೆಸ್ಟ್ ನಡೆಸುವ ಸಾಧನವಾದ ಆಪಿಯಂ ಎಲ್ಲವೂ ಉಚಿತವಾಗಿ ಸಿಗುತ್ತವೆ. ಆಪಿಯಂ 2ರಿಂದ ಈಚೆಗೆ ಆಂಡ್ರಾಯ್ಡ್‌ಗೆ ಬೇಕಾದ ಯುಐ ಆಟೊಮೇಟರ್ 2 ಡ್ರೈವರನ್ನು ಬೇರೆಯಾಗಿ ಹಾಕಿಕೊಳ್ಳಬೇಕು, ಅಷ್ಟೇ.

ಹಳೇ ಲ್ಯಾಪ್‌ಟಾಪ್‌ಗೆ ಎಮ್ಯುಲೇಟರ್ (ಕಂಪ್ಯೂಟರಿನೊಳಗೇ ನಡೆಯುವ ನಕಲಿ ಫೋನ್) ಭಾರವಾದರೆ ಕೈಲಿರುವ ಫೋನೇ ಸಾಕು. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರನ್ನು 7 ಸಲ ಒತ್ತಿ, ಆಗ ತೆರೆಯುವ ಡೆವಲಪರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಕೇಬಲ್ ಸಿಕ್ಕಿಸಿ. ಲ್ಯಾಪ್‌ಟಾಪ್‌ನ ಟರ್ಮಿನಲ್‌ನಲ್ಲಿ 'ಎಡಿಬಿ ಡಿವೈಸಸ್' ಎಂಬ ಕಮಾಂಡ್ ಕೊಟ್ಟಾಗ 'ಅನ್‌ಆಥರೈಸ್ಡ್' ಎಂದು ಬಂದರೆ ಗಾಬರಿ ಬೇಡ. ಫೋನಿನ ಪರದೆ ಮೇಲೆ ಅನುಮತಿ ಕೇಳುತ್ತಿರುತ್ತದೆ, ಒಪ್ಪಿಗೆ ಕೊಡಿ.

ಟೆಸ್ಟಿಂಗ್ ಬರೀ ಕೆಲಸ ಹುಡುಕುವವರ ವಿಷಯವಲ್ಲ. ನಮ್ಮ ರಾಜ್ಯದಲ್ಲಿ 2020ರಿಂದ ರೈತರೇ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಬೆಳೆಯ ವಿವರ, ಫೋಟೊ ಹಾಕುತ್ತಿದ್ದಾರೆ. ಇಂಥ ಆ್ಯಪ್ ಹೇಮಾವತಿ ದಡದ ಗದ್ದೆಯಲ್ಲಿ, ನೆಟ್‌ವರ್ಕ್ ಕುಂಟುವಾಗಲೂ, ಕಡಿಮೆ ಬೆಲೆಯ ಫೋನಿನಲ್ಲೂ ನಡೆಯಬೇಕು. ಎಮ್ಯುಲೇಟರ್‌ನಲ್ಲಿ ನೆಟ್ ವೇಗ ತಗ್ಗಿಸಿ, ಲೊಕೇಶನ್ ಬದಲಿಸಿ, ಭಾಷೆಯನ್ನು ಕನ್ನಡಕ್ಕಿಟ್ಟು ನೋಡುವ ಅನುಕೂಲವಿದೆ. ಉದ್ದದ ಕನ್ನಡ ಪದ ಬಟನ್ನಿನೊಳಗೆ ಹಿಡಿಯದೆ ತುಂಡಾಗುವುದು ಆಗಲೇ ಕಾಣುವುದು.

ಆ್ಯಪ್ ಮಾಡುವ ಗೆಳೆಯರೇ, ನಿಮ್ಮ ಟೆಸ್ಟ್ ಪಟ್ಟಿಗೆ ಕನ್ನಡ ಮತ್ತು ನಿಧಾನದ ನೆಟ್ ಎರಡನ್ನೂ ಇವತ್ತೇ ಸೇರಿಸಿ.