ಸಿಂಕಿನ ಕೆಳಗೆ

ಗೃಹಿಣಿಯ ಓರಣವನ್ನು ಅಳೆಯಬೇಕೆನ್ನುವವರು ಗೂಡಿನ ಮೇಲೆ ಸಾಲಾಗಿ ನಿಂತ ಡಬ್ಬಿಗಳನ್ನು ನೋಡಿ ಫಲವಿಲ್ಲ. ಸಿಂಕಿನ ಕೆಳಗಿನ ಕಪಾಟನ್ನು ತೆರೆಯಬೇಕು. ಅಂಥ ಧೈರ್ಯ ಯಾವ ಅತಿಥಿಗೂ ಇಲ್ಲವೆಂಬುದೇ ಮನೆಮನೆಯ ಪುಣ್ಯ.

ಹಿಂದೆ ಪಾತ್ರೆಗಳು ಹಿತ್ತಲ ಕಲ್ಲಿನ ಮೇಲೆ ಬೆಳಗುತ್ತಿದ್ದುವು. ಹುಣಿಸೆಯ ಹುಳಿ ಹಿತ್ತಾಳೆಯ ಕಿಲುಬನ್ನು ಕರಗಿಸಿದರೆ, ಬೂದಿಯ ಕ್ಷಾರ ಜಿಡ್ಡನ್ನು ಕೀಳುತ್ತಿತ್ತು. ಕಪಾಟಿನ ಕತ್ತಲೆಗೆ ಸೀಸೆಗಳು ಬಂದು ಸೇರಿದುದು ಅನಂತರ.

ಜಯನಗರದ ಮನೆಯೊಂದರಲ್ಲಿ ಮೂರು ವರ್ಷದ ಮಗು ಆ ಬಾಗಿಲನ್ನು ತೆರೆದು, ಶರಬತ್ತಿನ ಸೀಸೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಳವನ್ನು ತಿರುಗಿಸುತ್ತಿತ್ತು. ಒಳಗಿದ್ದುದು ಬಚ್ಚಲು ತೊಳೆಯುವ ಆಸಿಡ್. ಸೊಸೆ ಕಿತ್ತುಕೊಂಡಳು. ಇದೆಲ್ಲ ಅತ್ತೆಯ ಕೂಡಿಡುವ ಚಟವೆಂದು ಗೊಣಗುತ್ತ ಕಪಾಟನ್ನು ಬರಿದುಮಾಡತೊಡಗಿದಳು. ಅತ್ತೆಯವೆಂದು ದೊರೆತದ್ದು ಹುಣಿಸೆಯ ಭರಣಿ, ತೆಂಗಿನ ನಾರು, ಎರಡು ಚಿಂದಿ. ಆಸಿಡನ್ನು ಶರಬತ್ತಿನ ಸೀಸೆಗೆ ಸುರಿದಿಟ್ಟವಳು ತಾನೇ ಎಂಬುದು ನೆನಪಾದಾಗ ಗೊಣಗಾಟ ನಿಂತಿತು.

ಮೂಲೆಯಲ್ಲಿ, ನಲ್ಲಿಯ ಕೊಳವೆಯ ಕೆಳಗೆ, ನೀರು ತುಂಬಿದ ಹಿತ್ತಾಳೆಯ ಬಟ್ಟಲು.

“ಇದೇನತ್ತೆ?”

“ತಿರುಪು ಸೋರುತ್ತೆ ಕಣಮ್ಮ. ರಾತ್ರಿ ತುಳಸಿಗೆ ಹಾಕ್ತೀನಿ. ಅವನಿಗೆ ಹೇಳಿದ್ರೆ ಸುಮ್ಮನೆ ಖರ್ಚು.”

ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಕಾವೇರಿ ಈ ಊರಿಗೆ ಹತ್ತಿ ಬಂದದ್ದು 1974ರಲ್ಲಿ. ಅದಕ್ಕೆ ಮುಂಚಿನ ಬರಿದಾದ ನಲ್ಲಿಗಳನ್ನು ಕಂಡ ಕೈ ಅದು.

ಸೊಸೆ ಆಸಿಡನ್ನು ಎತ್ತರದ ಗೂಡಿಗೇರಿಸಿ ಬೀಗ ಹಾಕಿದಳು. ಹುಣಿಸೆಯ ಭರಣಿ ಇದ್ದಲ್ಲೇ ಉಳಿಯಿತು. ಮರುದಿನ ನಲ್ಲಿ ರಿಪೇರಿಯವನು ಬಂದು ವಾಷರನ್ನು ಬದಲಾಯಿಸಿದ. ಆ ರಾತ್ರಿ ಅತ್ತೆ ನಲ್ಲಿಯನ್ನೇ ತಿರುಗಿಸಿ, ಬಟ್ಟಲು ತುಂಬಿಕೊಂಡು ತುಳಸಿಯ ಬಳಿಗೆ ನಡೆದರು.