ಬೆಂಕಿಗೂ ಉಸಿರು ಬೇಕು

ಅಕ್ಕನ ಮಗ ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಹಳೆಯದೊಂದು ಹಾಯಿದೋಣಿ ಕೊಂಡಿದ್ದಾನೆ. ರಜಾದಿನಗಳನ್ನೆಲ್ಲ ಅದರಲ್ಲಿಯೇ ಕಳೆಯುತ್ತಾನೆ. ಕಳೆದ ಚಳಿಗಾಲದಲ್ಲಿ ಅದಕ್ಕೆ ಡೀಸೆಲ್ ಹೀಟರ್ ಅಳವಡಿಸುವಾಗ ಡೊಂಬಿವಲಿಯ ನಮ್ಮ ಮನೆಗೆ ವಿಡಿಯೊ ಕರೆ ಮಾಡಿ ಒಂದೊಂದು ಹಂತವನ್ನೂ ತೋರಿಸಿದ. ಡಿಸೆಂಬರಿನಲ್ಲೂ ಫ್ಯಾನಿನ ಕೆಳಗೆ ಕುಳಿತಿದ್ದ ನಮಗೆ ಮೊದಲು ಅದೊಂದು ತಮಾಷೆಯಾಗಿ ಕಂಡಿತು.

ಯಂತ್ರ ನೋಡಲು ಶೂಬಾಕ್ಸಿನಷ್ಟು ಚಿಕ್ಕದು. ಸಣ್ಣ ಪಂಪೊಂದು ಟಿಕ್ ಟಿಕ್ ಎನ್ನುತ್ತ ಡೀಸೆಲನ್ನು ಹನಿಹನಿಯಾಗಿ ಒಳಗೆ ಬಿಡುತ್ತದೆ. ಕಾದು ಕೆಂಪಾದ ಕಡ್ಡಿಯೊಂದು ಅದಕ್ಕೆ ಕಿಡಿ ಹಚ್ಚುತ್ತದೆ. ಉರಿಯುವ ಬೆಂಕಿಗೆ ಗಾಳಿ ಒಂದು ಕೊಳವೆಯಿಂದ ಬರುತ್ತದೆ, ಹೊಗೆ ಇನ್ನೊಂದು ಉಕ್ಕಿನ ಕೊಳವೆಯಿಂದ ದೋಣಿಯ ಹೊರಮೈಗೆ ಹೋಗುತ್ತದೆ. ಆ ಕೊಳವೆಯನ್ನು ಒಳಗೆ ಹಂಸದ ಕತ್ತಿನಂತೆ ಎತ್ತರಕ್ಕೆ ಬಾಗಿಸಿ ನೀರಿನ ಮಟ್ಟಕ್ಕಿಂತ ಮೇಲೆ ಹೊರಬಿಡಬೇಕು; ಇಲ್ಲದಿದ್ದರೆ ಅಲೆಯ ನೀರು ಒಳನುಗ್ಗುತ್ತದೆ. ಕ್ಯಾಬಿನ್ನಿನ ಗಾಳಿ ಬೆಂಕಿಯನ್ನು ಮುಟ್ಟದೆ, ಕಾದ ಲೋಹದ ಸುತ್ತ ಹಾದು ಬೆಚ್ಚಗಾಗಿ ಬರುತ್ತದೆ. "ಬೆಂಕಿಯ ಗಾಳಿಯೇ ಬೇರೆ, ನಮ್ಮ ಗಾಳಿಯೇ ಬೇರೆ ಮಾವ. ಎರಡೂ ಬೆರೆಯಬಾರದು, ಅಷ್ಟೇ ಇದರ ಗುಟ್ಟು" ಎಂದ.

ನಮ್ಮ ನಗು ಅಲ್ಲಿಗೆ ನಿಂತಿತು. ಆ ಗುಟ್ಟನ್ನು ನಾವು ಕಲಿತದ್ದು ಸಮುದ್ರದ ಮೇಲಲ್ಲ, ನಮ್ಮದೇ ಬಚ್ಚಲುಮನೆಯಲ್ಲಿ.

ಊರಿನ ಬಚ್ಚಲುಮನೆಯಲ್ಲಿ ತಾಮ್ರದ ಹಂಡೆಯಿತ್ತು. ಅದರ ಕೆಳಗೆ ಅಡಿಕೆ ಸಿಪ್ಪೆ, ತೆಂಗಿನ ಮಡಲು ಉರಿಯುತ್ತಿದ್ದವು. ಹೊಗೆ ಹಂಚಿನ ಸಂದಿನಿಂದ ಹೊರಹೋಗುತ್ತಿತ್ತು. ಹೋಗದಿದ್ದರೆ ಕಣ್ಣುರಿದು ನಾವೇ ಹೊರಗೋಡುತ್ತಿದ್ದೆವು. ಡೊಂಬಿವಲಿಗೆ ಬಂದ ಮೇಲೆ ಹಂಡೆ ಹೋಗಿ, ನಲ್ಲಿ ತಿರುಗಿಸಿದರೆ ತಾನೇ ಹೊತ್ತಿಕೊಳ್ಳುವ ಗ್ಯಾಸ್ ಗೀಸರ್ ಬಂತು. ಬಾಲ್ಕನಿಯಲ್ಲಿ ಜಾಗವಿಲ್ಲವೆಂದು ಬಚ್ಚಲಿನೊಳಗೇ ಹಾಕಿಸಿದೆವು. ಹಾಕಿದವನು "ಏನೂ ಆಗುವುದಿಲ್ಲ" ಎಂದ. ನಾವೂ ಮತ್ತೆ ಕೇಳಲಿಲ್ಲ. ಪಾರಿವಾಳಗಳ ಕಾಟಕ್ಕೆ ಬೇಸತ್ತು ಕಿಟಕಿಯ ಗಾಜಿನ ಪಟ್ಟಿಗಳ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದವರು ಮಾತ್ರ ನಾವೇ.

ಒಂದು ಜನವರಿಯ ಮುಂಜಾನೆ ಕಾಲೇಜಿಗೆ ಹೊರಟಿದ್ದ ಮಗಳು ಸ್ನಾನಕ್ಕೆ ಹೋದಳು. ನೀರಿನ ಸದ್ದು ಕೇಳುತ್ತಲೇ ಇತ್ತು. ಲೋಕಲ್ ರೈಲು ತಪ್ಪೀತೆಂದು ಕೂಗಿದರೆ ಉತ್ತರವಿಲ್ಲ. ಎದುರು ಮನೆಯವರನ್ನು ಕರೆದು ಬಾಗಿಲು ಒಡೆದಾಗ ಆಕೆ ನೆಲದ ಮೇಲೆ ಕುಸಿದಿದ್ದಳು. ಒಳಗೆ ಹೊಗೆಯಿರಲಿಲ್ಲ, ವಾಸನೆಯೂ ಇರಲಿಲ್ಲ. ಗೀಸರಿನ ಜ್ವಾಲೆ ಮಾತ್ರ ಉರಿಯುತ್ತಿತ್ತು.

ಆಸ್ಪತ್ರೆಯಲ್ಲಿ ಆಮ್ಲಜನಕದ ಮುಖವಾಡ ತೊಡಿಸಿದರು. ಸಿಲಿಂಡರಿನ ಅನಿಲಕ್ಕೆ ಸೋರಿಕೆ ತಿಳಿಯಲೆಂದೇ ದುರ್ವಾಸನೆ ಬೆರೆಸಿರುತ್ತಾರೆ. ಆದರೆ ಗಾಳಿ ಸಾಲದೆ ಅದು ಅರೆಬರೆಯಾಗಿ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೊಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಸಾಧಾರಣ ಗಾಳಿಯಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು 4–5 ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆಯೊಳಗೇ ಇಳಿಯುತ್ತದೆ. ಸಂಜೆಯ ಹೊತ್ತಿಗೆ ಮಗಳು ಚಹಾ ಕೇಳಿದಳು. ಆ ಒಂದು ಲೋಟ ಚಹಾಕ್ಕಾಗಿ ನಾವು ಎಷ್ಟು ದೇವರಿಗೆ ಹರಕೆ ಹೊತ್ತಿದ್ದೆವೋ ಲೆಕ್ಕವಿಲ್ಲ.

ಆಮೇಲೆ ಹಾಳೆ ಕಿತ್ತೆವು. ಬಾಲ್ಕನಿಯಲ್ಲಿದ್ದ ಹಳೆಯ ಕಪಾಟನ್ನು ಮಾರಿ, ತೆರೆದ ಗ್ರಿಲ್ಲಿನ ಬಳಿ ಗೀಸರ್ ತೂಗುಹಾಕಿಸಿ, ಗೋಡೆ ಕೊರೆದು ಬಿಸಿನೀರಿನ ಕೊಳವೆಯನ್ನಷ್ಟೇ ಒಳಗೆ ತಂದೆವು. ಇಲ್ಲವೆಂದುಕೊಂಡಿದ್ದ ಜಾಗ ಅರ್ಧ ದಿನದಲ್ಲಿ ಸಿಕ್ಕಿತು. ಬಚ್ಚಲಿನ ಒಳಚಿಲಕವನ್ನೂ ತೆಗೆಸಿದೆವು. ಸ್ನಾನ ಮಾಡುವವರು ಹಾಡುತ್ತಲೇ ಇರಬೇಕೆಂಬುದು ಅಂದಿನಿಂದ ನಮ್ಮ ಮನೆಯ ನಿಯಮ. ಹಾಡು ನಿಂತರೆ ಯಾರಾದರೂ ಬಾಗಿಲು ತಟ್ಟುತ್ತಾರೆ.

ಠಾಣೆಯಿಂದ ಕಲ್ಯಾಣದವರೆಗೆ, ಆಚೆ ವಾಶಿ, ನೆರೂಳಿನವರೆಗೆ ನಮ್ಮವರ ಮನೆಗಳಿಗೆ ಹೋದಾಗ ಇಂದಿಗೂ ನಾವು ಬಚ್ಚಲಿನತ್ತ ಒಮ್ಮೆ ಇಣುಕುತ್ತೇವೆ. ಧೂಳಿಗೆ, ಸೊಳ್ಳೆಗೆ, ಪಾರಿವಾಳಕ್ಕೆ ಹೆದರಿ ಇಷ್ಟಿಷ್ಟೇ ಕಿಂಡಿಗಳನ್ನೂ ಮುಚ್ಚಿ ಬದುಕುವವರು ನಾವು. ಗೀಸರ್ ಒಳಗಿದ್ದರೆ ಅದನ್ನು ಹೊರಗೆ ಹಾಕಿಸಿ ಎನ್ನುತ್ತೇವೆ. ಹೊರಗೆ ಹಾಕಿಸುವವರೆಗೆ, ಕಿಟಕಿ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಗಾಳಿಯಾಡಿದ ಮೇಲೆಯೇ ಸ್ನಾನಕ್ಕೆ ಹೋಗಿ ಎಂದು ಬೇಡಿಕೊಳ್ಳುತ್ತೇವೆ. ಅತಿಥಿಗಳಿಗೆ ಇದು ಸಲ್ಲದ ನಡತೆಯೆಂದು ತಿಳಿದೂ ಬಿಡಲಾಗುವುದಿಲ್ಲ.

ಹೀಟರ್ ಹೊತ್ತಿದ ರಾತ್ರಿ ಅಕ್ಕನ ಮಗ ಮತ್ತೆ ಕರೆ ಮಾಡಿದ. ಕಂಬಳಿ ಹೊದೆಯದೆ ಕುಳಿತಿದ್ದ. ಹಿನ್ನೆಲೆಯಲ್ಲಿ ಪಂಪಿನ ಟಿಕ್ ಟಿಕ್ ಕೇಳುತ್ತಿತ್ತು. ಕೊಳವೆಯ ಜೋಡಣೆಗಳನ್ನೆಲ್ಲ ಇನ್ನೊಮ್ಮೆ ತೋರಿಸು ಎಂದೆವು. ಬೇಸರಿಸದೆ ಟಾರ್ಚ್ ಹಿಡಿದು ಒಂದೊಂದನ್ನೂ ತೋರಿಸಿದ. ಕೊನೆಗೆ ಹಾಸಿಗೆಯ ಪಕ್ಕದ ಬಿಳಿಯ ಪುಟ್ಟ ಡಬ್ಬಿಯತ್ತ ಕ್ಯಾಮೆರಾ ತಿರುಗಿಸಿ, "ಇದು ಆ ವಿಷಾನಿಲ ಬಂದರೆ ಕೂಗುವ ಅಲಾರಂ. ಇಲ್ಲಿ ನಾನು ಹಾಡಿದರೆ ಕೇಳುವವರು ಯಾರೂ ಇಲ್ಲವಲ್ಲ ಮಾವ, ಅದಕ್ಕೇ" ಎಂದ.

ಮರುದಿನ ಅಂಥದ್ದೇ ಒಂದನ್ನು ನಾವೂ ತರಿಸಿದೆವು. ಹಾಡಿನ ನಿಯಮವನ್ನು ಮಾತ್ರ ಸಡಿಲಿಸಿಲ್ಲ.